ದೆಹಲಿ ಮೇಳಕ್ಕೆ ಹುಣಸೆಹಣ್ಣು ಒಯ್ಯುವುದು ಹೇಗೆ?

ದೆಹಲಿಯ ಪ್ರಗತಿ ಮೈದಾನದಲ್ಲಿ ನಡೆಯುವ ಭಾರತ ಅಂತರರಾಷ್ಟ್ರೀಯ ವ್ಯಾಪಾರ ಮೇಳ ನವೆಂಬರ್ 14ರಿಂದ 27ರವರೆಗೆ. 1980ರಲ್ಲಿ ಶುರುವಾದ ಮೇಳ ಇದು, ನಡೆಸುವುದು ಕೇಂದ್ರ ಸರ್ಕಾರದ ವ್ಯಾಪಾರ ಉತ್ತೇಜನ ಸಂಸ್ಥೆ ಐಟಿಪಿಒ. ಆದರೆ ತುಮಕೂರಿನ ಹುಣಸೆ ವ್ಯಾಪಾರಿಗೆ ಮೇಳದ ಕೆಲಸ ಮಾರ್ಚ್‌ನಲ್ಲೇ ಶುರು.

ಹೊಸ ಹಣ್ಣು ಎಪಿಎಂಸಿಗೆ ಬರುವ ಕಾಲ ಅದು. ಕೆಂಪಗಿದ್ದ ಹಣ್ಣು ಗೋದಾಮಿನಲ್ಲಿ ಮಳೆಗಾಲ ಕಳೆದರೆ ಕಪ್ಪಾಗುತ್ತದೆ. ಹಾಗಾಗಿ ಸ್ಯಾಂಪಲ್‌ಗೆ ಬೇಕಾದಷ್ಟನ್ನು ಆಗಲೇ ಆರಿಸಿ, ಬೀಜ, ನಾರು ತೆಗೆಸಿ ಕೋಲ್ಡ್ ಸ್ಟೋರೇಜ್‌ಗೆ ಹಾಕಿಬಿಡಿ. ಮೊದಲ ಸಲ ನಾನು ಸುಮ್ನೆ ಮೂಟೆಯಿಂದ ತುಂಬಿಕೊಂಡು ಹೋಗಿದ್ದೆ. ಖರೀದಿದಾರರೊಬ್ಬರು ಹಣ್ಣನ್ನು ಹೆಬ್ಬೆರಳಲ್ಲಿ ಒತ್ತಿದರು, ಒಂದು ನಾರು ಎಳೆದು ಮೇಜಿನ ಮೇಲಿಟ್ಟರು, ನಮಸ್ಕಾರ ಹೇಳಿ ಹೊರಟೇಬಿಟ್ಟರು. ರೇಟು ಕೂಡ ಕೇಳಲಿಲ್ಲ!

ಮೇಳದಲ್ಲಿ ಹೊರದೇಶದ ಖರೀದಿದಾರರೂ ಸಿಗುತ್ತಾರೆ, ಹಾಗಾಗಿ ಇನ್ನು ರಫ್ತಿನ ಕಾಗದಪತ್ರ. ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ವೆಬ್‌ಸೈಟ್‌ನಲ್ಲಿ ಐಇಸಿ, ಅಂದರೆ ಆಮದು-ರಫ್ತು ಕೋಡ್ ಮಾಡಿಸಿ. ಶುಲ್ಕ 500 ರೂಪಾಯಿ, ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್. ಹುಣಸೆ ಸಾಂಬಾರ ಮಂಡಳಿಯ ಪಟ್ಟಿಯಲ್ಲಿದೆ, ಆದ್ದರಿಂದ ರಫ್ತಿಗೆ ಅಲ್ಲಿನ ನೋಂದಣಿಯೂ ಬೇಕು. ತಿಪಟೂರು ಕಡೆಯ ಕೊಬ್ಬರಿಯವರಾದರೆ ತೆಂಗು ಅಭಿವೃದ್ಧಿ ಮಂಡಳಿಗೆ ಹೋಗಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇಬ್ಬರಿಗೂ ತಪ್ಪಿದ್ದಲ್ಲ. ಮಳಿಗೆ ಬಗ್ಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಬೇಗ ವಿಚಾರಿಸಿ.

ಜಾಸ್ತಿ ಜನ ಎಡವುವುದು ರೇಟಿನಲ್ಲಿ. ಹೊರದೇಶದವರು ಕೇಳುವುದು ಎಫ್‌ಒಬಿ ರೇಟು, ಅಂದರೆ ಸರಕು ಹಡಗಿಗೆ ಏರುವವರೆಗಿನ ಬೆಲೆ. ಹಣ್ಣು, ಬೀಜ ಬಿಡಿಸಿದ ಕೂಲಿ, ಪ್ಯಾಕಿಂಗ್, ಚೆನ್ನೈಗೆ ಲಾರಿ ಬಾಡಿಗೆ, ಬಂದರಿನ ಖರ್ಚು, ಕಸ್ಟಮ್ಸ್ ಏಜೆಂಟ್ ಕಮಿಷನ್, ನಿಮ್ಮ ಲಾಭ ಎಲ್ಲ ಕೂಡಿಸಿ, ಡಾಲರ್‌ನಲ್ಲಿ ಬರೆದಿಟ್ಟುಕೊಳ್ಳಿ. ಹಡಗಿನ ಬಾಡಿಗೆ ಅವರದು. ಎದುರಿಗೆ ಅವರನ್ನು ನಿಲ್ಲಿಸಿಕೊಂಡು ಕ್ಯಾಲ್ಕುಲೇಟರ್ ಒತ್ತುತ್ತಾ ಕೂತರೆ ಚೆನ್ನಾಗಿರಲ್ಲ, ಅಲ್ವಾ?

ಸಾಮಾನ್ಯವಾಗಿ ಮೊದಲ ಐದು ದಿನ ವ್ಯಾಪಾರಿಗಳಿಗೇ ಮೀಸಲು. ಆಮೇಲೆ ಜನಜಾತ್ರೆ. ಕಾಲು ಕೆಜಿ ಪೊಟ್ಟಣ ಕೇಳುವವರು ಆಗ ಬರುತ್ತಾರೆ, ಅವರಿಗೂ ಒಂದಿಷ್ಟು ಕಟ್ಟಿಟ್ಟಿರಿ, ಊಟದ ಖರ್ಚು ಹುಟ್ಟುತ್ತದೆ. ಮೆಟ್ರೊದಲ್ಲಿ ಹೋಗುವವರು ಸುಪ್ರೀಂ ಕೋರ್ಟ್ ನಿಲ್ದಾಣದಲ್ಲಿ ಇಳಿಯಬೇಕು. ಪ್ರಗತಿ ಮೈದಾನ ಅನ್ನುವ ಹಳೇ ಹೆಸರು ಹುಡುಕುತ್ತಾ ಕೂರಬೇಡಿ.

ಸಂಜೆ ಮಳಿಗೆ ಮುಚ್ಚುವ ಮುಂಚೆ ಅವತ್ತು ಸಿಕ್ಕ ಪ್ರತಿ ವಿಸಿಟಿಂಗ್ ಕಾರ್ಡಿನ ಹಿಂದೆ ಗೀಚಿಡಿ: ಯಾವ ದೇಶ, ಎಷ್ಟು ಟನ್, ಬೀಜ ಸಮೇತವೋ ಬಿಡಿಸಿದ್ದೋ. ನಲವತ್ತು ಕಾರ್ಡ್ ಸೇರಿದ ಮೇಲೆ ಯಾರ ಮುಖವೂ ನೆನಪಿರುವುದಿಲ್ಲ.