ಸ್ಲಾಟ್ ಕಾರ್ ಮೋಟರ್‌ಗೆ ಮನೇಲೇ ಕೂಲಿಂಗ್ ಫ್ಯಾನ್ ಮಾಡ್ಕೊಳ್ಳೋದು ಹೇಗೆ

ಸ್ಲಾಟ್ ಕಾರ್ ಅಂದ್ರೆ ಟ್ರ್ಯಾಕಿನ ಸೀಳಲ್ಲಿ ಸಿಕ್ಕಿಸಿ ಕರೆಂಟಲ್ಲಿ ಓಡಿಸೋ ಪುಟ್ಟ ರೇಸ್ ಕಾರು. ಮೊದಲ ಲ್ಯಾಪ್‌ಗಳಲ್ಲಿ ಚೆನ್ನಾಗಿ ಎಳೀತಿದ್ದ ಕಾರು ಸ್ವಲ್ಪ ಹೊತ್ತಾಗ್ತಿದ್ದಂಗೆ ಕಾರ್ನರ್‌ನಿಂದ ಆಚೆ ಬರುವಾಗ ಸುಸ್ತಾದಂಗೆ ಆಡ್ತಿದ್ರೆ, ಟೈರು, ಬ್ರೇಡು (ಟ್ರ್ಯಾಕಿಂದ ಕರೆಂಟ್ ತಗೊಳ್ಳೋ ತಂತಿ ಹೆಣಿಗೆ) ಎಲ್ಲಾ ನೋಡಿ ಆದ್ಮೇಲೆ ಮೋಟರ್ ಕ್ಯಾನ್ (ಮೋಟರಿನ ಲೋಹದ ಹೊರಕವಚ) ಮೇಲೆ ಬೆರಳಿಟ್ಟು ನೋಡಿ. ಬೆರಳು ಇಟ್ಟಲ್ಲೇ ಇಡೋಕೆ ಆಗ್ತಿಲ್ಲ ಅಂದ್ರೆ ವಿಷಯ ಅಲ್ಲೇ ಇದೆ. ತಾಮ್ರದ ತಂತಿ ಒಂದೊಂದು ಡಿಗ್ರಿ ಬಿಸಿ ಆದಾಗ್ಲೂ ರೆಸಿಸ್ಟೆನ್ಸ್ ಸುಮಾರು 0.39 ಪರ್ಸೆಂಟ್ ಏರತ್ತೆ, ಅಂದ್ರೆ 20 ಡಿಗ್ರಿಯಿಂದ 80ಕ್ಕೆ ಹೋದ್ರೆ ಹತ್ರಹತ್ರ ಕಾಲು ಭಾಗ ಜಾಸ್ತಿ. ಅದೇ ಹೊತ್ತಿಗೆ ಫೆರೈಟ್ ಮ್ಯಾಗ್ನೆಟ್ ಡಿಗ್ರಿಗೆ 0.2 ಪರ್ಸೆಂಟ್ ಲೆಕ್ಕದಲ್ಲಿ ಸೊರಗ್ತಾ ಇರತ್ತೆ, ಟಾರ್ಕ್ ಕಮ್ಮಿ ಆಯ್ತು ಅಂತ ನಾವು ಕೈಲಿರೋ ಕಂಟ್ರೋಲರ್ ಟ್ರಿಗರ್ ಇನ್ನೂ ಒತ್ತತೀವಿ, ಒತ್ತಿದಷ್ಟೂ ಇನ್ನೂ ಬಿಸಿ. ಫೆರೈಟ್ ತಣ್ಣಗಾದ್ರೆ ವಾಪಸ್ ಸರಿ ಹೋಗತ್ತೆ, ಆದ್ರೆ ಸಾಮಾನ್ಯ ಗ್ರೇಡಿನ ನಿಯೋಡಿಮಿಯಮ್ 80 ಡಿಗ್ರಿ ದಾಟಿದ್ರೆ ಕಳ್ಕೊಂಡಿದ್ದು ವಾಪಸ್ ಬರಲ್ಲ ಅನ್ನೋ ಅಪಾಯ ಇದೆ.

ಫ್ಯಾನ್ ಮಾಡೋಕೆ ಕೂರೋ ಮುಂಚೆ ಗೇರಿಂಗ್ ಒಂದ್ಸಲ ನೋಡ್ಕೊಳ್ಳಿ. ಪಿನಿಯನ್‌ನಲ್ಲಿ (ಮೋಟರ್ ಶಾಫ್ಟ್ ಮೇಲಿನ ಸಣ್ಣ ಗೇರ್) ಒಂದು ಹಲ್ಲು ಜಾಸ್ತಿ ಇದ್ರೆ, ಆಕ್ಸಲ್ ಬಿಗೀತಿದ್ರೆ, ಬ್ರಶ್ (ಮೋಟರ್ ಒಳಕ್ಕೆ ಕರೆಂಟ್ ಕೊಡೋ ಕಾರ್ಬನ್ ತುಂಡು) ಸ್ಪ್ರಿಂಗ್ ಅತಿಯಾಗಿ ಒತ್ತುತಿದ್ರೆ ಯಾವ ಫ್ಯಾನೂ ಕಾಪಾಡಲ್ಲ. ಹಂಗೇ ನಿಮ್ ಕ್ಲಾಸಿನ ರೂಲ್ಸ್ ನೋಡಿ, ಸೀಲ್ಡ್ ಮೋಟರ್, ಅಂದ್ರೆ ಬಿಚ್ಚಬಾರದ ಮೋಟರಿನ, ರೇಸ್ ಕ್ಲಾಸ್‌ಗಳಲ್ಲಿ ಮೋಟರ್ ಮುಟ್ಟೋ ಹಾಗೇ ಇಲ್ಲ ಅಂತ ಇರತ್ತೆ, ಅಂಥವರು ನೇರ ಕೊನೇಲಿರೋ ಪಿಟ್ ಫ್ಯಾನಿಗೆ (ಕಾರು ನಿಂತಾಗ ಹೊರಗಿಂದ ಗಾಳಿ ಬೀಸೋ ಫ್ಯಾನ್) ಹೋಗ್ಬಹುದು.

ಈಗ ಶಾಫ್ಟ್ ಫ್ಯಾನ್, ಅಂದ್ರೆ ಮೋಟರ್ ಶಾಫ್ಟಿನ ಎಂಡ್‌ಬೆಲ್ (ಬ್ರಶ್ ಇರೋ ಪ್ಲಾಸ್ಟಿಕ್ ಮುಚ್ಚಳ) ಕಡೆ ತುದಿಗೆ ಕೂರಿಸೋ ಫ್ಯಾನ್. ಎಲ್ರೂ ರೆಕ್ಕೆ ಎಷ್ಟು, ಯಾವ ಆಂಗಲ್ ಅಂತ ತಲೆ ಕೆಡಿಸ್ಕೊಳ್ತಾರೆ, ನಾನು ಹೇಳೋದು ಮೊದ್ಲು ಗಾಳಿ ಯಾವ ದಾರೀಲಿ ಹೋಗತ್ತೆ ಅಂತ ನೋಡಿ ಅಂತ. ಬಿಸಿ ಹುಟ್ಟೋದು ಒಳಗೆ ಆರ್ಮೇಚರ್‌ನಲ್ಲಿ (ತಂತಿ ಸುತ್ತಿರೋ ತಿರುಗೋ ಭಾಗ), ಕಮ್ಯುಟೇಟರ್ (ಬ್ರಶ್ ಉಜ್ಜೋ ತಾಮ್ರದ ಪಟ್ಟಿಗಳು) ಮತ್ತೆ ಬ್ರಶ್ ಹತ್ರ, ಹೊರಗಡೆ ಕ್ಯಾನ್ ಮೇಲೆ ಗಾಳಿ ಬೀಸಿದ್ರೆ ಅರ್ಧ ಕೆಲಸ ಅಷ್ಟೇ. ಎಂಡ್‌ಬೆಲ್‌ಗೆ ಎದುರಿರೋ ಕ್ಯಾನಿನ ತುದೀಲಿ ಗಾಳಿ ಒಳಗೆ ಬರೋಕೆ ತೂತಿರಬೇಕು, ಎಂಡ್‌ಬೆಲ್ ಕಡೆ ಆಚೆ ಹೋಗೋಕೆ ಜಾಗ ಇರಬೇಕು. ತೂತು ದೊಡ್ಡದು ಮಾಡ್ಬೇಕಾದ್ರೆ ಕ್ಯಾನಿನ ತುದಿ ಮುಖದಲ್ಲಿ ಮಾಡಿ, ಪಕ್ಕದಲ್ಲಿ ಮ್ಯಾಗ್ನೆಟ್ ಹಿಂದೆ ಇರೋ ಲೋಹ ಮಾತ್ರ ಕೊರೀಬೇಡಿ, ಆ ಕಬ್ಬಿಣದಲ್ಲೇ ಮ್ಯಾಗ್ನೆಟ್ ಫ್ಲಕ್ಸ್ (ಕಾಂತಶಕ್ತಿಯ ಹರಿವು) ಸುತ್ತಿ ಬರೋದು, ಅದನ್ನ ಕೊರೆದ್ರೆ ತಂಪಾದ ಆದ್ರೆ ಸಪ್ಪೆ ಮೋಟರ್ ಸಿಗತ್ತೆ. ಕೊರೆಯೋವಾಗ ಆರ್ಮೇಚರ್ ಆಚೆ ತೆಗೆದು ಮ್ಯಾಗ್ನೆಟ್ ಮೇಲೆ ಟೇಪ್ ಹಾಕಿ, ಇಲ್ಲಾಂದ್ರೆ ಕಬ್ಬಿಣದ ಚೂರು ಅಂಟ್ಕೊಂಡು ಸಂಜೆ ಪೂರ್ತಿ ಅದನ್ನ ಕೀಳ್ತಾ ಕೂರ್ಬೇಕು.

ಸೈಜು. ಶಾಫ್ಟ್ ಮೇಲಿನ ಫ್ಯಾನ್ ಮೋಟರ್ ವೇಗದಲ್ಲೇ ತಿರುಗೋದ್ರಿಂದ ಪುಟ್ಟದಾಗಿದ್ರೂ ಸಾಕು. 12 ಎಂಎಂ ಅಗಲದ ಫ್ಯಾನ್ 30,000 ಆರ್‌ಪಿಎಂನಲ್ಲಿ ತಿರುಗಿದ್ರೆ ರೆಕ್ಕೆ ತುದಿ ಸೆಕೆಂಡಿಗೆ ಸುಮಾರು 19 ಮೀಟರ್ ಓಡತ್ತೆ. ಇನ್ನೂ ದೊಡ್ಡದು ಮಾಡೋಣ ಅನ್ಸತ್ತೆ, ಬೇಡ, ಯಾಕಂದ್ರೆ ಒಂದೇ ಆಕಾರದ ಫ್ಯಾನ್ ತಿನ್ನೋ ಪವರ್ ವೇಗದ ಘನಕ್ಕೆ ತಕ್ಕಂಗೆ, ವ್ಯಾಸದ ಐದನೇ ಘಾತಕ್ಕೆ ತಕ್ಕಂಗೆ ಏರತ್ತೆ. ಅಗಲ ಬರೀ ಹತ್ತು ಪರ್ಸೆಂಟ್ ಜಾಸ್ತಿ ಮಾಡಿದ್ರೆ 60 ಪರ್ಸೆಂಟ್ ಜಾಸ್ತಿ ಪವರ್ ಫ್ಯಾನಿಗೇ ಹೋಗತ್ತೆ, ಅಷ್ಟೂ ಸ್ಟ್ರೇಟ್‌ನಲ್ಲಿ ನಿಮ್ ಟಾಪ್ ಸ್ಪೀಡಿಂದ ಕಡಿತ. 130 ಸೈಜಿನ (ಆಟಿಕೆಗಳಲ್ಲಿ ಬರೋ ಮಾಮೂಲಿ ಅಳತೆ) ಮೋಟರ್ ದಪ್ಪ ಸುಮಾರು 15 ಎಂಎಂ, ಅದಕ್ಕೆ 12 ಇಟ್ಕೊಳ್ಳಿ, 13 ದಾಟ್ಬೇಡಿ, ಟ್ರ್ಯಾಕಿಗೂ ತಾಗಲ್ಲ.

ಸಾಮಾನು ಜಾಸ್ತಿ ಏನಿಲ್ಲ. 0.2 ಇಲ್ಲಾ 0.3 ಎಂಎಂ ಹಿತ್ತಾಳೆ ತಗಡು, ಸವೆದು ಬಿಸಾಕೋಕೆ ಇಟ್ಟಿರೋ ಹಿತ್ತಾಳೆ ಪಿನಿಯನ್ ಒಂದು, ಸೋಲ್ಡರಿಂಗ್ ಐರನ್, ಸಣ್ಣ ಅರ, ಕೈವಾರ, ಚಪ್ಪಟೆ ಮೂತಿ ಇಕ್ಕಳ, ಎರಡು ಬ್ಲೇಡು. ಕೂಲ್‌ಡ್ರಿಂಕ್ ಕ್ಯಾನಿನ ಅಲ್ಯೂಮಿನಿಯಂ ಬಳಸೋರೂ ಇದಾರೆ, ತೂಕ ಕಮ್ಮಿ ನಿಜ, ಆದ್ರೆ ಮಾಮೂಲಿ ಸೋಲ್ಡರ್ ಅದಕ್ಕೆ ಹಿಡಿಯಲ್ಲ, ತೀರಾ ತೆಳು ಬೇರೆ, ಆ ವೇಗದಲ್ಲಿ ಅದನ್ನ ನಾನು ನಂಬಲ್ಲ. ಸವೆದ ಪಿನಿಯನ್ ಯಾಕೆ ಅಂದ್ರೆ ಅದರ ತೂತು ಮೊದ್ಲೇ ಶಾಫ್ಟಿಗೆ ಸರಿಯಾಗಿ ಇರತ್ತೆ, ಸಾಮಾನ್ಯವಾಗಿ 2 ಎಂಎಂ, ಹಬ್ (ಶಾಫ್ಟ್ ಹಿಡಿಯೋ ಫ್ಯಾನಿನ ನಡುಭಾಗ) ಅಂತ ಬೇರೆ ಮಾಡೋ ತಲೆನೋವಿಲ್ಲ, ಹಲ್ಲುಗಳನ್ನ ಅರ ಹಾಕಿ ಇಳಿಸಿದ್ರೆ ಮುಗೀತು.

ತಗಡಲ್ಲಿ ಮೊದ್ಲು ಶಾಫ್ಟಿನ ತೂತಿಗೆ ಒಂದು ಚುಕ್ಕಿ ಹೊಡೀರಿ, ಅದೇ ಚುಕ್ಕಿ ಮೇಲೆ ಕೈವಾರ ಇಟ್ಟು ವೃತ್ತ ಗೀಚಿ, ಆಮೇಲೆ ತೂತು ಕೊರೆದು ಕೊನೇಗೆ ವೃತ್ತ ಕತ್ತರಿಸಿ. ಕತ್ತರಿಸಿ ಆದ್ಮೇಲೆ ನಡು ಹುಡುಕೋಕೆ ಹೋದ್ರೆ ಯಾವತ್ತೂ ಸಿಗಲ್ಲ. ಆರು ರೆಕ್ಕೆ ಸುಲಭ, ಯಾಕಂದ್ರೆ ಕೈವಾರ ಅಷ್ಟೇ ಅಗಲ ಇಟ್ಕೊಂಡು ವೃತ್ತದ ಅಂಚಲ್ಲಿ ಹೆಜ್ಜೆ ಹಾಕ್ತಾ ಹೋದ್ರೆ ಸರಿಯಾಗಿ ಆರು ಗುರುತು ಬೀಳತ್ತೆ. ಪ್ರತಿ ಗುರುತಿಂದ ನಡುವಿನ ಕಡೆಗೆ ಸೀಳಿ, ಆದ್ರೆ ಹಬ್ ಮುಟ್ಟೋ ಮುಂಚೆ ನಿಲ್ಲಿಸ್ಬೇಕು, ಸೀಳು ಎಲ್ಲಿ ನಿಲ್ಲತ್ತೋ ಅಲ್ಲಿ ಮೊದಲೇ ಸುಮಾರು 0.8 ಎಂಎಂ ತೂತು ಕೊರೆದಿಟ್ರೆ ಬಿರುಕು ಮುಂದಕ್ಕೆ ಓಡಲ್ಲ.

ಇನ್ನು ರೆಕ್ಕೆ ತಿರುಚೋದು. 25ರಿಂದ 30 ಡಿಗ್ರಿ ಸಾಕು. ಕಣ್ಣಂದಾಜಲ್ಲಿ ಬೇಡ, ಒಂದು ಮರದ ಚೂರನ್ನ ಆ ಓರೆಗೆ ಕತ್ತರಿಸಿಟ್ಕೊಂಡು ಪ್ರತಿ ರೆಕ್ಕೆಗೂ ಅದನ್ನೇ ತಾಗಿಸಿ ನೋಡಿ, ಆಂಗಲ್ ಎಷ್ಟು ಅನ್ನೋದಕ್ಕಿಂತ ಆರೂ ಒಂದೇ ಥರ ಇರೋದು ಮುಖ್ಯ. ಯಾವ ಕಡೆ ತಿರುಚೋದು ಅನ್ನೋದ್ರಲ್ಲೇ ಜನ ಎಡವೋದು. ನನ್ ಅಭಿಪ್ರಾಯ ಗಾಳಿ ಮೋಟರ್ ಒಳಗಿಂದ ಆಚೆ ಬರೋ ಹಾಗಿರಬೇಕು, ಆಗ ಬ್ರಶ್ಶಿನ ಕಾರ್ಬನ್ ಪುಡಿನೂ ಜೊತೆಗೆ ಆಚೆ ಬರತ್ತೆ, ಒಳಕ್ಕೆ ಊದಿದ್ರೆ ಅದೇ ಪುಡಿ ಆರ್ಮೇಚರ್ ಕಡೆ ಹೋಗಿ ಕೂರತ್ತೆ. ಹಂಗೆ ಆಗ್ಬೇಕಾದ್ರೆ ತಿರುಗುವಾಗ ರೆಕ್ಕೆಯ ಮುಂದಿನ ಅಂಚು ಮೋಟರ್ ಕಡೆಗೆ, ಹಿಂದಿನ ಅಂಚು ಆಚೆ ಕಡೆಗೆ ಬಾಗಿರಬೇಕು. ಮೋಟರನ್ನ ಕಮ್ಮಿ ವೋಲ್ಟಲ್ಲಿ ಓಡಿಸಿ ಶಾಫ್ಟ್ ಯಾವ ಕಡೆ ತಿರುಗತ್ತೆ ಅಂತ ನೋಡ್ಕೊಂಡೇ ಇಕ್ಕಳ ಹಿಡೀರಿ. ವೈರ್ ಅದಲು ಬದಲು ಮಾಡಿದ್ರೆ ಗಾಳಿನೂ ಉಲ್ಟಾ ಆಗತ್ತೆ, ನೆನಪಿರಲಿ.

ಹಬ್ಬಿಗೆ ಸೋಲ್ಡರ್ ಮಾಡೋ ಕೆಲಸ ಮೋಟರಿಂದ ಆಚೆನೇ ಮುಗಿಸಿ, ಶಾಫ್ಟ್ ಮೇಲೆ ಇಟ್ಕೊಂಡು ಮಾಡಿದ್ರೆ ಎಂಡ್‌ಬೆಲ್ ಪ್ಲಾಸ್ಟಿಕ್ ಮೆತ್ತಗಾಗತ್ತೆ, ಬುಶ್ಶಿನ (ಶಾಫ್ಟ್ ತಿರುಗೋ ಲೋಹದ ಬಳೆ) ಎಣ್ಣೆನೂ ಸುಟ್ಟೋಗತ್ತೆ. 2 ಎಂಎಂ ಡ್ರಿಲ್ ಬಿಟ್‌ನ ಹಿಂಭಾಗಕ್ಕೆ ಎರಡನ್ನೂ ಪೋಣಿಸಿ ಬೆಸೆದ್ರೆ ನಡು ತಪ್ಪಲ್ಲ, ಬಿಟ್ ಮೇಲೆ ಮಾರ್ಕರ್ ಬಳಿದಿಟ್ರೆ ಸೋಲ್ಡರ್ ಅದಕ್ಕೆ ಅಂಟೋದು ಕಮ್ಮಿ.

ಬ್ಯಾಲೆನ್ಸ್ ಮಾತ್ರ ದಯವಿಟ್ಟು ಬಿಡಬೇಡಿ. 6 ಎಂಎಂ ದೂರದಲ್ಲಿ ಬರೀ 0.01 ಗ್ರಾಂ ಸೋಲ್ಡರ್ ಒಂದು ಕಡೆ ಜಾಸ್ತಿ ಇದ್ರೂ 30,000 ಆರ್‌ಪಿಎಂನಲ್ಲಿ ಅದು ಸುಮಾರು 60 ಗ್ರಾಂ ತೂಕದಷ್ಟು ಬಲದಲ್ಲಿ ಶಾಫ್ಟನ್ನ ಎಳೆಯತ್ತೆ, ಅದೂ ಸೆಕೆಂಡಿಗೆ 500 ಸುತ್ತು. ಬುಶ್ ಸವೆಯತ್ತೆ, ಬ್ರಶ್ ಕುಣಿಯತ್ತೆ, ಬ್ರಶ್ ಕುಣಿದ್ರೆ ಕಿಡಿ, ಕಿಡಿ ಅಂದ್ರೆ ಇನ್ನೂ ಬಿಸಿ, ಅಲ್ಲಿಗೆ ಫ್ಯಾನ್ ಹಾಕಿದ ಉದ್ದೇಶನೇ ಹೋಯ್ತು. ಎರಡು ಬ್ಲೇಡನ್ನ ಸಮಾನಾಂತರವಾಗಿ, ಲೆವೆಲ್ ನೋಡಿ ನಿಲ್ಲಿಸಿ, ಫ್ಯಾನನ್ನ ನೇರ ಇರೋ 2 ಎಂಎಂ ಸ್ಟೀಲ್ ಕಡ್ಡಿಗೆ ಹಾಕಿ ಅದರ ಮೇಲಿಡಿ, ಭಾರ ಇರೋ ಕಡೆ ಉರುಳಿ ಕೆಳಗೆ ಬರತ್ತೆ, ಆ ರೆಕ್ಕೆ ತುದಿಗೆ ಅರ ಒಂದೆಳೆ ಹಾಕಿ ಮತ್ತೆ ಇಡಿ. ಎಲ್ಲಿ ಬಿಟ್ರೂ ಅಲ್ಲೇ ನಿಲ್ಲೋ ತನಕ ಇದೇ ಕೆಲಸ, ಬೋರ್ ಹೊಡಿಯತ್ತೆ, ಬೇರೆ ದಾರಿ ಇಲ್ಲ.

ಶಾಫ್ಟಿಗೆ ಒತ್ತಿ ಕೂರಿಸೋವಾಗ ಸುತ್ತಿಗೆ ಬೇಡ, ಪಿನಿಯನ್ ಪ್ರೆಸ್ (ಗೇರನ್ನ ಶಾಫ್ಟಿಗೆ ಒತ್ತಿ ಕೂರಿಸೋ ಸಾಧನ) ಬಳಸಿ, ಶಾಫ್ಟಿನ ಇನ್ನೊಂದು ತುದಿಗೆ ಆಸರೆ ಕೊಡಿ. ಫ್ಯಾನಿಗೂ ಬ್ರಶ್ ಹುಡ್‌ಗೂ (ಬ್ರಶ್ ಹಿಡಿದಿಡೋ ಲೋಹದ ಗೂಡು) ಮಧ್ಯೆ ಕನಿಷ್ಠ 1 ಎಂಎಂ ಗ್ಯಾಪ್ ಇರಲಿ, ಲೋಹದ ಫ್ಯಾನ್ ಎರಡೂ ಹುಡ್‌ಗೆ ತಾಗಿದ್ರೆ ಸೀದಾ ಶಾರ್ಟ್. ಆಮೇಲೆ ಫ್ಯಾನ್ ಸುತ್ತ ತೆಳು ಪ್ಲಾಸ್ಟಿಕ್ ಶೀಟಿಂದ ಒಂದು ಬಳೆ ಮಾಡಿ ಎಂಡ್‌ಬೆಲ್‌ಗೆ ಸೇರಿಸಿ ಅಂಟಿಸಿ, ರೆಕ್ಕೆ ತುದಿಗೂ ಬಳೆಗೂ ಅರ್ಧ ಎಂಎಂ ಬಿಟ್ರೆ ಸಾಕು. ಈ ಬಳೆ ಇಲ್ಲದೇ ಇದ್ರೆ ಫ್ಯಾನ್ ಪಕ್ಕದಿಂದಲೇ ಗಾಳಿ ಎಳ್ಕೊಂಡು ಅಲ್ಲಲ್ಲೇ ಸುತ್ತಾಡ್ಸತ್ತೆ, ಮೋಟರ್ ಒಳಗಿಂದ ಹೆಚ್ಚೇನೂ ಬರಲ್ಲ. ತುಂಬಾ ಜನ ಇದನ್ನ ಬಿಟ್ಟು ಫ್ಯಾನ್ ವರ್ಕ್ ಆಗಲ್ಲ ಅಂತಾರೆ.

ಮೊದಲ ಸಲ ಓಡಿಸೋದು ಗಟ್ಟಿ ಡಬ್ಬದೊಳಗೆ, ಕನ್ನಡಕ ಹಾಕ್ಕೊಂಡು. 3 ವೋಲ್ಟಿಂದ ಶುರು ಮಾಡಿ ನಿಧಾನಕ್ಕೆ 12ಕ್ಕೆ ಹೋಗಿ. ಟಿಶ್ಯೂ ಪೇಪರ್ ಎಳೆ ಹಿಡಿದ್ರೆ ಗಾಳಿ ಯಾವ ಕಡೆ ಅಂತ ತಿಳಿಯತ್ತೆ. ಒಂದೇ ವೋಲ್ಟಲ್ಲಿ ಫ್ಯಾನ್ ಇಲ್ಲದೆ ಎಷ್ಟು ಆಂಪ್ಸ್, ಫ್ಯಾನ್ ಜೊತೆ ಎಷ್ಟು ಅಂತ ಬರ್ಕೊಳ್ಳಿ, ತುಂಬಾ ಏರಿದ್ರೆ ವ್ಯಾಸ ಅರ್ಧ ಎಂಎಂ ಇಳಿಸಿ, ಐದನೇ ಘಾತ ಅಲ್ವಾ, ಅಷ್ಟಕ್ಕೇ ವ್ಯತ್ಯಾಸ ಕಾಣತ್ತೆ. ಇನ್‌ಫ್ರಾರೆಡ್ ಥರ್ಮಾಮೀಟರಲ್ಲಿ ಅಳೆಯೋರು ಕ್ಯಾನ್ ಮೇಲೆ ಒಂದು ಚೂರು ಕಪ್ಪು ಟೇಪ್ ಅಂಟಿಸಿ ಅದನ್ನೇ ಅಳೀರಿ, ಹೊಳೆಯೋ ಲೋಹದ ಮೇಲೆ ಅದು ತಪ್ಪು ತೋರ್ಸತ್ತೆ.

ಶಾಫ್ಟ್ ಫ್ಯಾನಿನ ಒಂದು ಮಿತಿ ಏನಂದ್ರೆ ಕಾರು ನಿಂತ ತಕ್ಷಣ ಅದೂ ನಿಲ್ಲತ್ತೆ, ಒಳಗಿನ ಬಿಸಿ ಮಾತ್ರ ಆಚೆ ಬರ್ತಾನೇ ಇರತ್ತೆ. ಹೀಟ್‌ಗಳ, ಅಂದ್ರೆ ರೇಸಿನ ಸುತ್ತುಗಳ, ಮಧ್ಯೆ ಅದಕ್ಕೇ ಪಿಟ್ ಫ್ಯಾನ್ ಬೇಕು. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ತಗೊಳ್ಳಿ, ಕೆಂಪು ಪ್ಲಸ್ಸು ಕಪ್ಪು ಮೈನಸ್ಸು, ಬೇರೆ ಅಡಾಪ್ಟರಿಂದ ಕರೆಂಟ್ ಕೊಡಿ. ಕಾರ್ಡ್‌ಬೋರ್ಡಿಂದ ಮೋಟರ್ ತನಕ ಕೊಳವೆ ಮಾಡಿ, ಆದ್ರೆ ಬಾಯಿ ತೀರಾ ಸಣ್ಣ ಮಾಡ್ಬೇಡಿ, ಈ ಥರ ಫ್ಯಾನಿಗೆ ಒತ್ತಡ ಕಮ್ಮಿ, 80 ಎಂಎಂ ಫ್ಯಾನನ್ನ ಬೆರಳಗಲ ತೂತಿಗೆ ಹಿಂಡಿದ್ರೆ ಸದ್ದು ಮಾತ್ರ ಬರತ್ತೆ. ಸಣ್ಣ ಮೂತಿನೇ ಬೇಕು ಅಂದ್ರೆ ಲ್ಯಾಪ್‌ಟಾಪಲ್ಲಿ ಬರೋ ಬ್ಲೋವರ್ ಥರದ್ದು ಹುಡುಕಿ, ಅದಕ್ಕೆ ಒತ್ತಡ ಜಾಸ್ತಿ, ಅವುಗಳಲ್ಲಿ ಬಹಳಷ್ಟು 5 ವೋಲ್ಟಿನವು ಇರ್ತಾವೆ, ಅದನ್ನ ಮಾತ್ರ ನೋಡ್ಕೊಳ್ಳಿ.

ಆಮೇಲೆ ಬುಶ್ಶಿಗೆ ಎಣ್ಣೆ ಹಾಕೋವಾಗ ಕೈ ಬಿಗಿ ಇರಲಿ, ಫ್ಯಾನ್ ಇರೋ ಮೋಟರಲ್ಲಿ ಜಾಸ್ತಿ ಎಣ್ಣೆ ಗಾಳಿ ಜೊತೆ ಕಮ್ಯುಟೇಟರ್ ಮೇಲೆ ಹೋಗಿ ಕಾರ್ಬನ್ ಪುಡಿ ಜೊತೆ ಕಪ್ಪು ಪೇಸ್ಟ್ ಆಗತ್ತೆ. ಪ್ರತಿ ರೇಸ್ ಆದ್ಮೇಲೆ ರೆಕ್ಕೆಗಳ ಬುಡ ಬೆಳಕಿಗೆ ಹಿಡಿದು ನೋಡಿ, ಕೂದಲೆಳೆಯಷ್ಟು ಬಿರುಕು ಕಂಡ್ರೂ ರಿಪೇರಿ ಮಾಡೋಕೆ ಹೋಗ್ಬೇಡಿ, ತಗಡು ಇದೆ ಹೇಗೂ, ಹೊಸದು ಕತ್ತರಿಸಿ.