ಘಾಟಿ ರೂಟಿಗೆ ಫೋಟೊ ಕೂಡಿಸಿದ್ದು ಹೀಗೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ ಘಾಟಿಯನ್ನು ಓಪನ್ ರೈಲ್ಸ್ ಸಿಮ್ಯುಲೇಟರಿಗೆ, ಅಂದರೆ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಉಚಿತ ತಂತ್ರಾಂಶಕ್ಕೆ, ಒಂದು ರೂಟ್ ಆಗಿ ಕಟ್ಟಬೇಕು ಅನ್ನುವುದು ನನ್ನ ಬಹುದಿನದ ಆಸೆ. ಸುಮಾರು 55 ಕಿ.ಮೀ. ದಾರಿ, 57 ಸುರಂಗ, 50 ಮೀಟರ್ ಸಾಗಿದರೆ 1 ಮೀಟರ್ ಏರು. ಸುರಂಗದ ಬಾಯಿಯ ಪಾಚಿ, ನೀರಿಳಿದು ಕಪ್ಪಾದ ಗೋಡೆ ನಿಜವಾಗಿ ಕಾಣಬೇಕಾದರೆ ಮಾದರಿಯ ಮೇಲೆ ಅಂಟಿಸಲು ಫೋಟೊ ಬೇಕೇ ಬೇಕು.

ಹಿಂದೆ ಇಲ್ಲಿ ಹಳಿ ಮೇಲೇ ಚಾರಣ ಹೋಗುತ್ತಿದ್ದರು. ಈಗ ಅದಕ್ಕೆ ನಿಷೇಧವಿದೆ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ರೈಲ್ವೆ ಜಾಗಕ್ಕೆ ನುಗ್ಗಿದರೆ ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಜಾಸ್ತಿ, ತಿರುವಿನ ಸುರಂಗದಲ್ಲಿ ಗಾಡಿ ಬಂದರೆ ಓಡಲು ಜಾಗವಿಲ್ಲ. ಹಾಗಾಗಿ ಸುರಂಗಗಳನ್ನೆಲ್ಲ ರೈಲಿನ ಕಿಟಕಿಯಿಂದಲೇ ತೆಗೆದೆ. ಗಾಜಿನ ಬಿಂಬ ಬೀಳದಂತೆ ಲೆನ್ಸ್ ಸುತ್ತ ಕಪ್ಪು ಬಟ್ಟೆ ಹಿಡಿದಿದ್ದೆ. ಮೋಡದ ದಿನವೇ ಒಳ್ಳೆಯದು. ಬಿಸಿಲಿದ್ದರೆ ನೆರಳು ಫೋಟೊದಲ್ಲೇ ಉಳಿದು, ಗೋಡೆಗೆ ಅಂಟಿಸಿದ ಮೇಲೆ ಸುಳ್ಳು ಕಾಣುತ್ತದೆ.

ಸ್ಟೇಷನ್ನಿನಲ್ಲಿ ಮೊದಲು ಸ್ಟೇಷನ್ ಮಾಸ್ಟರ್ ಹತ್ತಿರ ಹೋದೆ.

“ಸರ್, ಆ ಹಳದಿ ಬೋರ್ಡಿನ ಫೋಟೊ ತೆಗೀಬಹುದಾ?”

“ಬೋರ್ಡ್ ತಗೊಳ್ಳಿ. ಸಿಗ್ನಲ್ ನಡೆಸೋ ಪ್ಯಾನೆಲ್ ರೂಮ್ ಬೇಡ. ಜಾಸ್ತಿ ಬೇಕಾದ್ರೆ ಹುಬ್ಬಳ್ಳಿಗೆ ಬರೀರಿ.”

ಅಲ್ಲಿರುವ ನೈರುತ್ಯ ರೈಲ್ವೆಯ ಮುಖ್ಯ ಸಾರ್ವಜನಿಕ ಸಂಪರ್ಕಾಧಿಕಾರಿಗೆ ಪತ್ರ ಬರೆದೆ. ಯಾವ ದಿನ, ಯಾವ ಸ್ಟೇಷನ್, ಕೈಯಲ್ಲಿ ಹಿಡಿಯುವ ಕ್ಯಾಮೆರಾ ಒಂದೇ, ಡ್ರೋನ್ ಇಲ್ಲ, ರೂಟ್ ಉಚಿತ ಅಂತ ಬಿಡಿಸಿ ತಿಳಿಸಿದೆ. ಒಪ್ಪಿಗೆ ಬರುವ ತನಕ ಕಾದೆ. ಆಮೇಲೆ ಅದರ ಪ್ರತಿಯನ್ನು ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿದೆ. ಕೆಲಸದಲ್ಲಿದ್ದ ಗ್ಯಾಂಗ್‌ಮನ್‌ಗಳ ಮುಖ ಬಂದಿದ್ದ ಕಡೆ ಅಳಿಸಿದೆ.

ಒಳಗೆ ಹೋಗಲು ಅನುಮತಿ ಬೇರೆ, ಫೋಟೊ ಮೇಲಿನ ಹಕ್ಕು ಬೇರೆ. ಇದು ನನಗೆ ತಡವಾಗಿ ಅರ್ಥವಾಯಿತು. ಘಾಟಿಯಲ್ಲಿ ಗೂಡ್ಸ್ ಗಾಡಿಯನ್ನು ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ನಿನ ಪಕ್ಕದ ನೋಟ ನನ್ನ ಹತ್ತಿರ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಹೆಸರಿಲ್ಲದ ಒಂದು ಚಿತ್ರ ಸಿಕ್ಕಿತು. ಕತ್ತರಿಸಿ ಅಂಟಿಸಿ, ಪರೀಕ್ಷೆಗೆ ಅಂತ ನಾಲ್ಕು ಜನಕ್ಕೆ ಕೊಟ್ಟೆ. ಅವರಲ್ಲೊಬ್ಬರು ಕ್ಯಾಬ್ ಬಾಗಿಲ ಕೆಳಗಿನ ಗೀರು ನೋಡಿ ಗುರುತು ಹಿಡಿದರು: “ಇದು ನಮ್ಮ ಸ್ನೇಹಿತರು ತೆಗೆದಿದ್ದು ಅಲ್ವಾ?”

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಫೋಟೊ ಸಾಮಾನ್ಯವಾಗಿ ತೆಗೆದವರದ್ದೇ. ಅವರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಇರುತ್ತದೆ. ಹೆಸರು ಹಾಕಿಲ್ಲ ಅಂದರೆ ಸುಮ್ನೆ ಬಳಸಬಹುದು ಅಂತ ಅರ್ಥ ಅಲ್ಲ. ನನಗೆ ತುಂಬಾ ನಾಚಿಕೆಯಾಯಿತು. ಅವತ್ತೇ ರೂಟಿನಿಂದ ಆ ಎಂಜಿನ್ ತೆಗೆದು, ಫೋಟೊ ತೆಗೆದವರಿಗೆ ತಪ್ಪೊಪ್ಪಿಕೊಂಡು ಬರೆದೆ. ಎರಡು ಷರತ್ತು ಹಾಕಿ ಒಪ್ಪಿದರು: ಹೆಸರು ಹಾಕಬೇಕು, ಮಾರಬಾರದು.

ಅಂದಿನಿಂದ ಒಂದು ಹಾಳೆ ಇಟ್ಟಿದ್ದೇನೆ. ಟೆಕ್ಸ್‌ಚರ್ (ಮಾದರಿಗೆ ಅಂಟಿಸುವ ಚಿತ್ರ) ಫೈಲಿನ ಹೆಸರು, ಯಾರ ಫೋಟೊ, ಯಾವತ್ತು ಒಪ್ಪಿದರು, ಷರತ್ತೇನು, ಎಲ್ಲ ಅದರಲ್ಲಿದೆ. ಬೆಟ್ಟದ ಎತ್ತರ ಬಾಹ್ಯಾಕಾಶದಿಂದ ಅಳೆದ ನಾಸಾದ ಎಸ್‌ಆರ್‌ಟಿಎಂ ಮಾಹಿತಿಯಿಂದ. ಹಳಿಯ ಗೆರೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಿಂದ, ಅದಕ್ಕೂ ಹೆಸರು ಹಾಕಲೇಬೇಕು.

ಆ ಫೋಟೊಗ್ರಾಫರ್ ಹೆಸರು ರೂಟಿನ ಜೊತೆ ಕೊಡುವ ವಿವರಣೆಯ ರೀಡ್‌ಮೀ ಫೈಲಿನ ಮೊದಲ ಸಾಲಿನಲ್ಲಿದೆ. ಮುಂದಿನ ಮಳೆಗಾಲ ಘಾಟಿ ನಡುವಿನ ಎಡಕುಮೇರಿ ಸ್ಟೇಷನ್ನಿನ ಚಿತ್ರಗಳನ್ನು ಅವರೇ ಕಳಿಸಿದರು. ಹಾಳೆಯಲ್ಲಿ ಹೊಸ ಸಾಲು ಬರೆದುಕೊಂಡೆ.