ದಾವಣಗೆರೆಯಲ್ಲೇ ಇದ್ದು ಜಾಜ್ ಸ್ಯಾಕ್ಸೊಫೋನ್ ನುಡಿಸಿ ಬದುಕೋದು ಹೇಗೆ?

ನಮ್ಮೂರಲ್ಲಿ ಸ್ಯಾಕ್ಸೊಫೋನ್ ಅಂದರೆ ಜನಕ್ಕೆ ಮದುವೆ ಮೆರವಣಿಗೆ ನೆನಪಾಗುತ್ತದೆ. ಅದಕ್ಕೆ ನಾಚಿಕೆ ಬೇಡ. ಕದ್ರಿ ಗೋಪಾಲನಾಥ್ ಈ ವಾದ್ಯಕ್ಕೆ ಮನಸೋತಿದ್ದು ಮೈಸೂರು ಅರಮನೆಯ ಬ್ಯಾಂಡ್ ಕೇಳಿ. 1980ರಲ್ಲಿ ಅವರು ಮುಂಬೈ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು.

ವಾದ್ಯ ಕೊಳ್ಳುವುದಾದರೆ ಆಲ್ಟೊ (ಚಿಕ್ಕ ಸ್ಯಾಕ್ಸೊಫೋನ್) ತಗೊಳ್ಳಿ, ಅದಕ್ಕಿಂತ ದೊಡ್ಡದಾದ, ದಪ್ಪ ದನಿಯ ಟೆನರ್ ಆಮೇಲೆ ನೋಡೋಣ. ಸೆಕೆಂಡ್ ಹ್ಯಾಂಡ್ ಆದರೆ ಕತ್ತಲೆ ಕೋಣೆಯಲ್ಲಿ ಒಳಗೆ ಸಣ್ಣ ಲೈಟ್ ಇಳಿಸಿ, ಕೀಗಳನ್ನು ಮೆಲ್ಲಗೆ ಒತ್ತಿ ನೋಡಿ. ರಂಧ್ರ ಮುಚ್ಚಿದ ಪ್ಯಾಡ್ (ಕೀ ಅಡಿಯ ಮೆತ್ತೆ) ಅಂಚಿನಿಂದ ಬೆಳಕು ಸೋರಿದರೆ ಗಾಳಿಯೂ ಸೋರುತ್ತದೆ. ರೀಡ್ ಅಂದರೆ ಬಾಯಿಡುವ ಕಡೆ ಕಂಪಿಸುವ ತೆಳು ಪಟ್ಟಿ, ಅದರ ಗಡಸುತನ 2 ಅಥವಾ 2.5 ಸಾಕು. ನಾಲ್ಕು ರೀಡ್ ಇಟ್ಟುಕೊಂಡು ಸರದಿ ಮೇಲೆ ಬಳಸಿ. ನಾನು ಒಂದೇ ರೀಡ್ ನಂಬಿಕೊಂಡು ಆರತಕ್ಷತೆಗೆ ಹೋಗಿ, ಅದು ಸೀಳಿ, ಇಡೀ ಸಂಜೆ ಬಾತುಕೋಳಿ ಕೂಗಿದ ಹಾಗೆ ನುಡಿಸಿದ್ದೇನೆ.

ಬೆಳಿಗ್ಗೆ ಅರ್ಧ ಗಂಟೆ ಬರೀ ಉದ್ದ ಸ್ವರ. ಪಕ್ಕದ ಮನೆಯವರು ಬೈದರೆ ಕುಂದವಾಡ ಕೆರೆ ಕಡೆ ಹೋಗಿ, ವಾಕಿಂಗ್‌ನವರು ಸುಮ್ನೆ ನೋಡಿ ಮುಂದೆ ಹೋಗುತ್ತಾರೆ. ಆಮೇಲೆ ಕಿವಿಯ ಕೆಲಸ. ಎಲ್ಲರೂ ಮೊದಲ ದಿನವೇ ಮಿಂಚಿನ ವೇಗದ ಜಾಜ್ ವಾದಕ ಚಾರ್ಲಿ ಪಾರ್ಕರ್ ಹಿಂದೆ ಬಿದ್ದು ಸೋತು ಬಿಡುತ್ತಾರೆ. ನಿಧಾನವಾಗಿ, ಹಾಡಿದ ಹಾಗೆ ನುಡಿಸುವ ಲೆಸ್ಟರ್ ಯಂಗ್‌ನಿಂದ ಶುರು ಮಾಡಿ. ನಾಲ್ಕೇ ಬಾರ್ (ನಮ್ಮ ತಾಳದ ಆವರ್ತದಂಥ ಅಳತೆ) ಆರಿಸಿ, ಅರ್ಧ ವೇಗದಲ್ಲಿ ಕೇಳಿ, ಮೊದಲು ಬಾಯಲ್ಲಿ ಹಾಡಿ, ಅದು ನಿದ್ದೆಯಲ್ಲೂ ಬರುವಂತಾದ ಮೇಲೆ ವಾದ್ಯ ಎತ್ತಿ.

ಹಿಂದೂಸ್ತಾನಿ ಕಲಿತಿದ್ದರೆ ನಿಮಗೆ ಅರ್ಧ ದಾರಿ ಗೊತ್ತು. ಭೂಪಾಲಿಯ ಐದು ಸ್ವರವೇ ಜಾಜ್‌ನವರ ಮೇಜರ್ ಪೆಂಟಟೋನಿಕ್ ಸ್ವರಶ್ರೇಣಿ, ಕಾಫಿ ಥಾಟ್ ಡೋರಿಯನ್, ಖಮಾಜ್ ಥಾಟ್ ಮಿಕ್ಸೊಲಿಡಿಯನ್. ತೊಂದರೆ ಇರುವುದು ಬೇರೆ ಕಡೆ. ನಮಗೆ ಷಡ್ಜ ಕೊನೆತನಕ ನಿಂತಿರುತ್ತದೆ, ಜಾಜ್‌ನಲ್ಲಿ ಕೆಳಗಿನ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುತ್ತಲೇ ಇರುತ್ತದೆ, ಒಂದು ಬಾರ್‌ನಲ್ಲಿ ಸಿಹಿಯಾಗಿದ್ದ ಸ್ವರ ಮುಂದಿನ ಬಾರ್‌ನಲ್ಲಿ ಚುಚ್ಚುತ್ತದೆ. ಇದು ರೂಢಿಯಾಗಲು ನನಗೆ ಎರಡು ವರ್ಷ ಬೇಕಾಯಿತು. ಇನ್ನೊಂದು: ಸ್ಯಾಕ್ಸೊಫೋನ್‌ನಲ್ಲಿ ಸ್ವರದ ಹೆಸರು ಕೀಬೋರ್ಡ್‌ಗಿಂತ ಬೇರೆ, ಕೀಬೋರ್ಡ್‌ನವರು ಸಿ ಅಂದರೆ ಆಲ್ಟೊದಲ್ಲಿ ನೀವು ಎ ಹಿಡಿಯಬೇಕು, ಟೆನರ್‌ನಲ್ಲಿ ಡಿ. ಮರೆತರೆ ವೇದಿಕೆ ಮೇಲೆ ಮಾನ ಹೋಗುತ್ತದೆ.

ಸ್ವಂತ ರಚನೆಗೆ 12 ಬಾರ್ ಬ್ಲೂಸ್ ಅನ್ನುವ ಹಾಡಿನ ಚೌಕಟ್ಟಿಗಿಂತ ಒಳ್ಳೆ ಪಾಠಶಾಲೆ ಇಲ್ಲ. ನಮ್ಮ ತ್ರಿಪದಿಯ ಹಾಗೆ ಮೂರು ಸಾಲು ಅಂದುಕೊಳ್ಳಿ. ನಾಲ್ಕು ಬಾರ್‌ನಲ್ಲಿ ಒಂದು ಮಾತು, ಇನ್ನು ನಾಲ್ಕರಲ್ಲಿ ಅದೇ ಮಾತು, ಕೊನೆಯ ನಾಲ್ಕರಲ್ಲಿ ಉತ್ತರ. ಸಿ ಶ್ರುತಿಯಲ್ಲಿ ಕಾರ್ಡ್ ಹೀಗೆ: ನಾಲ್ಕು ಬಾರ್ ಸಿ, ಎರಡು ಎಫ್, ಎರಡು ಸಿ, ಒಂದು ಜಿ, ಒಂದು ಎಫ್, ಎರಡು ಸಿ. ವಾರಕ್ಕೊಂದು ಬರೆಯಿರಿ, ಹತ್ತರಲ್ಲಿ ಒಂಬತ್ತು ಕಸ ಆಗುತ್ತವೆ, ಆಗಲಿ ಬಿಡಿ. ಉಳಿದದ್ದನ್ನು ರೆಕಾರ್ಡ್ ಮಾಡಿ ಐಪಿಆರ್‌ಎಸ್ (ರಚನೆಕಾರರಿಗೆ ರಾಯಲ್ಟಿ ವಸೂಲಿ ಮಾಡಿಕೊಡುವ ಸಂಸ್ಥೆ) ಸದಸ್ಯರಾಗಿ ನೋಂದಾಯಿಸಿ.

ಈಗ ದುಡ್ಡಿನ ಮಾತು. ಬರೀ ಜಾಜ್ ನುಡಿಸಿ ಇಲ್ಲಿ ಮನೆ ಬಾಡಿಗೆ ಕಟ್ಟಲಾಗದು. ಪಾಠವೇ ಕಟ್ಟುತ್ತದೆ. ಆಷಾಢದಲ್ಲಿ ಮದುವೆ ಇರಲ್ಲ, ಆಗ ಮಕ್ಕಳ ಕ್ಲಾಸೇ ಗತಿ. ತಂದೆತಾಯಿ ಸರ್ಟಿಫಿಕೇಟ್ ಕೇಳುತ್ತಾರೆ, ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಯಲ್ಲಿ ಸ್ಯಾಕ್ಸೊಫೋನ್‌ಗೂ 8 ಗ್ರೇಡ್ ಇವೆ, ಹಾಗೆ ತಯಾರು ಮಾಡಿ. ಫೀಸು ತಿಂಗಳ ಮೊದಲೇ ತಗೊಳ್ಳಿ. ಕಾರ್ಯಕ್ರಮಕ್ಕೆ ಅರ್ಧ ಅಡ್ವಾನ್ಸ್, ಉಳಿದದ್ದು ವೇದಿಕೆ ಹತ್ತುವ ಮುಂಚೆ. "ನಾಳೆ ಬನ್ನಿ ಸಾರ್" ಅಂದ ಒಬ್ಬ ಆಯೋಜಕರ ನಾಳೆ ಇನ್ನೂ ಬಂದಿಲ್ಲ.

ತಿಂಗಳಿಗೊಮ್ಮೆಯಾದರೂ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ ಕಡೆ ಲೈವ್ ಜಾಜ್ ಕೇಳಿ. ಮುಗಿದ ಮೇಲೆ ವಾದಕರನ್ನು ಮಾತಾಡಿಸಿ. ನನಗೆ ಮೊದಲ ಜಾಜ್ ಕಾರ್ಯಕ್ರಮ ಸಿಕ್ಕಿದ್ದು ಹಾಗೇ: ಅವರ ತಂಡದ ಸ್ಯಾಕ್ಸೊಫೋನ್‌ನವನಿಗೆ ಜ್ವರ ಬಂದಿತ್ತು, ನನ್ನ ನಂಬರ್ ಅವರ ಹತ್ತಿರ ಇತ್ತು.